ಟರ್ಮಿನಲ್ ಅರಿಯದವರಿಗೆ ಫೆಡೋರಾದ ಆ್ಯಪ್ ಸ್ಟೋರ್ ಸಾಕೇ?

ಸಾಗರದಲ್ಲಿರುವ ನಿಮ್ಮ ತಂದೆಯವರಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆದ ಫೆಡೋರಾ ಹಾಕಿಕೊಟ್ಟರೆ, ಅವರು ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಮುಟ್ಟದೆ ಅದರಲ್ಲಿರುವ ಆ್ಯಪ್ ಸ್ಟೋರ್ ಆದ ಗ್ನೋಮ್ ಸಾಫ್ಟ್‌ವೇರ್ ಒಂದರಿಂದಲೇ ನಿಭಾಯಿಸಬಲ್ಲರೇ ಎಂದು ಕೇಳಿದ್ದೀರಿ. ಆ್ಯಪ್ ಹುಡುಕುವುದು, ಹಾಕುವುದು, ತೆಗೆಯುವುದು ಇಷ್ಟೇ ಆದರೆ ಖಂಡಿತ ನಿಭಾಯಿಸಬಲ್ಲರು. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಅಪ್ಪಯ್ಯ ಎರಡು ಮಳೆಗಾಲಗಳಿಂದ ಇದನ್ನೇ ಬಳಸುತ್ತಿದ್ದಾರೆ. ಅವರಿಗೆ ತೊಡಕಾದದ್ದು ಹಾಕುವುದರಲ್ಲಲ್ಲ, ಅಪ್‌ಡೇಟಿನಲ್ಲಿ.

ಡೌನ್‌ಲೋಡ್ ಗಾತ್ರದ ವಿಷಯದಲ್ಲಿ ಎಡವಿದವನು ನಾನೇ. ಆ್ಯಪಿನ ಪುಟದಲ್ಲಿ ಗಾತ್ರ ಎದ್ದು ಕಾಣುವಂತಿರುತ್ತದೆ, ಅದರ ಕೆಳಗೆ ಇನ್ನೆಷ್ಟು ಎಂಬಿ ಹೆಚ್ಚುವರಿಯಾಗಿ ಇಳಿಸಬೇಕೆಂಬ ಸಾಲು ಸಣ್ಣಕ್ಷರದಲ್ಲಿರುತ್ತದೆ. ಫ್ಲಾಟ್‌ಪ್ಯಾಕ್ ಎಂಬ ರೂಪದಲ್ಲಿ ಬರುವ ಆ್ಯಪ್‌ಗಳು ರನ್‌ಟೈಮ್ ಎಂಬ ಹಂಚಿಕೆಯ ತಳಹದಿಯ ಮೇಲೆ ನಡೆಯುವುದರಿಂದ ಮೊದಲ ಆ್ಯಪಿಗೆ ನೂರಾರು ಎಂಬಿ ಬೇಕಾಗಬಹುದು. ಅದೇ ರನ್‌ಟೈಮ್ ಬಳಸುವ ಮುಂದಿನದಕ್ಕೆ ಅಷ್ಟು ಬೇಡ. ಆ ಸಾಲನ್ನು ಓದದೆ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಪುಟ್ಟದೊಂದು ಆ್ಯಪ್ ಹಾಕಲು ಹೋಗಿ ದಿನದ ಡೇಟಾ ಕಳೆದುಕೊಂಡೆ. ಅದೇ ಆ್ಯಪ್ ಫೆಡೋರಾದ ಸ್ವಂತ ಪ್ಯಾಕೇಜ್ ಆದ ಆರ್‌ಪಿಎಂ ರೂಪದಲ್ಲೂ ಇದ್ದರೆ ಮೂಲವನ್ನು ಬದಲಿಸುವ ಆಯ್ಕೆ ಆ ಪುಟದಲ್ಲೇ ಇರುತ್ತದೆ. ಸಾಮಾನ್ಯವಾಗಿ ಅದು ಹಗುರ.

ಇನ್ನು ಅಪ್‌ಡೇಟ್. ಚಾಲನೆಯಲ್ಲಿರುವ ಪ್ರೋಗ್ರಾಮುಗಳ ಫೈಲುಗಳು ನಡುವೆ ಬದಲಾಗಬಾರದೆಂದು, ಸಿಸ್ಟಂ ಪ್ಯಾಕೇಜುಗಳನ್ನು ಮೊದಲೇ ಇಳಿಸಿಟ್ಟುಕೊಂಡು, ರೀಸ್ಟಾರ್ಟ್ ಆದ ಮೇಲೆ ಡೆಸ್ಕ್‌ಟಾಪ್ ತೆರೆಯುವ ಮುನ್ನ ಹಾಕಲಾಗುತ್ತದೆ. ಉದ್ದೇಶ ಸರಿಯೇ. ಆದರೆ ಕಂಪ್ಯೂಟರ್ ಆಫ್ ಮಾಡುವಾಗ ಬರುವ ಪೆಟ್ಟಿಗೆಯಲ್ಲಿ, ಬಾಕಿಯಿರುವ ಅಪ್‌ಡೇಟುಗಳನ್ನು ಹಾಕು ಎಂಬುದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಬ್ಯಾಟರಿಯಲ್ಲಿ ನಡೆಯುತ್ತಿರುವ ಲ್ಯಾಪ್‌ಟಾಪ್‌ನಲ್ಲಾದರೆ ಟಿಕ್ ಇರುವುದಿಲ್ಲ. ಬ್ಯಾಟರಿಯಿಲ್ಲದ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಆ ವಿವೇಕ ಎಲ್ಲಿಂದ ಬರಬೇಕು? ಆಷಾಢದ ಒಂದು ಸಂಜೆ ಅಪ್ಪಯ್ಯ ಎಂದಿನಂತೆ ಆಫ್ ಒತ್ತಿದರು, ಅಪ್‌ಡೇಟ್ ಅರ್ಧವಾಗುವಷ್ಟರಲ್ಲಿ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಫೆಡೋರಾ ಸಾಮಾನ್ಯವಾಗಿ ಕರ್ನಲ್ ಎಂಬ ಸಿಸ್ಟಂನ ತಿರುಳಿನ ಮೂರು ಆವೃತ್ತಿಗಳನ್ನು ಉಳಿಸಿಕೊಂಡಿರುವುದರಿಂದ, ಮರುದಿನ ಆನ್ ಆಗುವಾಗ ಬರುವ ಬೂಟ್ ಮೆನುವಿನ ಎರಡನೇ ಸಾಲನ್ನು, ಅಂದರೆ ಹಿಂದಿನ ಕರ್ನಲನ್ನು, ಆರಿಸುವಂತೆ ಶಿವಮೊಗ್ಗದಿಂದ ಫೋನಿನಲ್ಲೇ ಹೇಳಿ ತೆರೆಸಿದೆ. ಉಳಿದದ್ದಕ್ಕೆ ನಾನೇ ಹೋಗಿ ಟರ್ಮಿನಲ್ ತೆರೆಯಬೇಕಾಯಿತು.

ಆದ್ದರಿಂದ ಒಂದು ಸಣ್ಣ ಯುಪಿಎಸ್ ಕೊಡಿಸಿ. ಹಾಟ್‌ಸ್ಪಾಟ್ ಬಳಸುವುದಾದರೆ ವೈಫೈ ಸೆಟ್ಟಿಂಗ್‌ನಲ್ಲಿ ಅದನ್ನು ಮಿತಿಯುಳ್ಳ ಸಂಪರ್ಕವೆಂದು ಗುರುತಿಸಿ. ಅಪ್‌ಡೇಟುಗಳು ತಾವಾಗಿಯೇ ಇಳಿಯುವುದು ನಿಲ್ಲುತ್ತದೆ. ಆ ಟಿಕ್ ಎಲ್ಲಿರುತ್ತದೆ, ಮೋಡ ಕಟ್ಟಿದ ದಿನ ಅದನ್ನು ಹೇಗೆ ತೆಗೆಯಬೇಕು ಎಂಬುದನ್ನು ತಂದೆಯವರಿಗೆ ಮೊದಲ ದಿನವೇ ಕೈಹಿಡಿದು ತೋರಿಸಿ.