ಸಂಶೋಧನೆಗೆ ಲಿಂಫ್ ಗಂಟು ಕೊಡಬಹುದಾ?

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆ ಕೇಳಲು ಬಂದ ಇವರು ಅಂಕೋಲಾ ಕಡೆಯವರು, ವಯಸ್ಸು ನಲವತ್ತು ದಾಟಿದೆ. ಕಾರವಾರದ ಬೈತಖೋಲ್ ಬಂದರಿನಿಂದ ಹೊರಡುವ ಬೋಟಿನಲ್ಲಿ ಬಲೆ ಎಳೆಯುವ ಕೆಲಸ. ಎಚ್‌ಐವಿಗೆ ಎಆರ್‌ಟಿ (ವೈರಸ್ ಹೆಚ್ಚಾಗದಂತೆ ತಡೆಯುವ) ಮಾತ್ರೆ ತಪ್ಪದೆ ತಗೊಳ್ತಾರೆ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣುತ್ತಿಲ್ಲ. ಹೆಂಡತಿಗೆ ವಿಷಯ ಗೊತ್ತು. ಅಣ್ಣತಮ್ಮಂದಿರಿಗೆ ಗೊತ್ತಿಲ್ಲ.

ದೂರದ ನಗರದ ಸಂಶೋಧನಾ ತಂಡವೊಂದು ಇವರ ತೊಡೆಸಂದಿಯ ಒಂದು ಲಿಂಫ್ ಗಂಟನ್ನು (ರೋಗನಿರೋಧಕ ಕಣಗಳು ಸೇರುವ ಸಣ್ಣ ಗ್ರಂಥಿ) ಕೇಳಿತ್ತು. ಒಪ್ಪಿಗೆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದರು. "ರಕ್ತದಲ್ಲೇ ಇಲ್ಲ ಅಂತೀರಿ. ಮತ್ತೆ ಗಂಟಲ್ಲಿ ಏನು ಹುಡುಕ್ತಾರೆ?" ಅದೇ ಅವರ ಮೊದಲ ಪ್ರಶ್ನೆ.

ತುಂಬಾ ಸರಿಯಾದ ಪ್ರಶ್ನೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿ ಓಡಾಡುವುದು ಸುಮಾರು 2% ಮಾತ್ರ. ಉಳಿದವು ಗಂಟು, ಕರುಳು, ಗುಲ್ಮದಲ್ಲಿ ಇರುತ್ತವೆ. ಮಾತ್ರೆ ವೈರಸ್ ಹೆಚ್ಚಾಗದಂತೆ ತಡೆಯುತ್ತದೆ. ಆದರೆ ಆ ಕಣಗಳ ಒಳಗೆ ಅಡಗಿ ಕೂತ ವೈರಸ್ ಹಾಗೇ ಉಳಿಯುತ್ತದೆ. ಮಾತ್ರೆ ಬಿಟ್ಟರೆ ಅದೇ ಮತ್ತೆ ಏಳುತ್ತದೆ. ಪೂರ್ತಿ ಗುಣ ಮಾಡುವ ದಾರಿ ಹುಡುಕುವವರಿಗೆ ಗಂಟು ಬೇಕಾಗುವುದು ಇದಕ್ಕೇ. ಇವರಿಗೆ ಇದರಿಂದ ನೇರ ಲಾಭ ಇಲ್ಲ ಅನ್ನೋದನ್ನೂ ಹೇಳಿದೆ.

ಒಂದು ಗಂಟು ಹೋದರೆ ರೋಗನಿರೋಧಕ ಶಕ್ತಿ ಕುಂದುತ್ತದಾ? ಇಲ್ಲ. ಮೈಯಲ್ಲಿ ನೂರಾರು ಗಂಟುಗಳಿವೆ. ಸಾಮಾನ್ಯವಾಗಿ ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ, ಸಣ್ಣ ಗಾಯ ಮಾಡಿ ತೆಗೆಯುತ್ತಾರೆ. ಹೆಚ್ಚಿನವರಿಗೆ ನೋವು, ಊತ, ಒಂದು ಕಲೆಗೆ ಮುಗಿಯುತ್ತದೆ. ಕೆಲವರಿಗೆ ಗಾಯದೊಳಗೆ ರಕ್ತ ಸೇರಿ ಹೆಪ್ಪುಗಟ್ಟಬಹುದು, ಕೀವಾಗಬಹುದು, ನೀರು ತುಂಬಬಹುದು, ಚರ್ಮ ಜೋಮು ಹಿಡಿಯಬಹುದು. ಕಾಲು ಬಾತು ಹಾಗೇ ಉಳಿಯುವುದು ಅಪರೂಪ. ತೊಡೆಸಂದಿ ಬೆವರುವ, ಮಡಚುವ ಜಾಗ. ಕೀವು, ನೀರಿನ ತೊಂದರೆ ಅಲ್ಲಿ ಜಾಸ್ತಿ. ಕುತ್ತಿಗೆಯ ಗಂಟು ತೆಗೆಯುವುದಾದರೆ ಭುಜ ಎತ್ತುವ ನರದ ಬಗ್ಗೆ ಹುಷಾರಾಗಿರಬೇಕು. ಬಲೆ ಎಳೆಯುವವರಿಗೆ ಅದು ಸಣ್ಣ ಮಾತಲ್ಲ.

ನನಗೆ ಜಾಸ್ತಿ ಚಿಂತೆ ಆಗಿದ್ದು ಬೇರೆ. ಈ ತೊಂದರೆಗಳಲ್ಲಿ ಹೆಚ್ಚಿನವು ಆಪರೇಷನ್ ಟೇಬಲ್ ಮೇಲೆ ಬರುವಂಥವಲ್ಲ. ಊರಿಗೆ ಬಂದು ಕೆಲವು ದಿನಗಳಾದ ಮೇಲೆ ಕಾಣುತ್ತವೆ. ಆಗ ಇಲ್ಲಿ ನೋಡುವವರು ಯಾರು? ಪತ್ರದಲ್ಲಿ ಒಂದು ಫೋನ್ ನಂಬರ್ ಬಿಟ್ಟರೆ ಏನೂ ಇರಲಿಲ್ಲ. ಕಾರವಾರದಲ್ಲಿ ಗಾಯ ನೋಡುವ ಸರ್ಜನ್ ಯಾರು, ಖರ್ಚು ಯಾರದು, ಕೂಲಿ ತಪ್ಪಿದ ದಿನಗಳ ಹಣ ಎಷ್ಟು, ಇಷ್ಟನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ ಎಂದೆ. ಸಂಶೋಧನೆಯಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಸಂಶೋಧನೆ ಮಾಡುವಂತಿಲ್ಲ. ಬೇಡ ಅಂದರೆ ಎಆರ್‌ಟಿ ನಿಲ್ಲುವುದಿಲ್ಲ. ಸಹಿ ಹಾಕಿದ ಮೇಲೂ ಹಿಂದೆ ಸರಿಯಬಹುದು.

ಅದೇ ಕವರಿನಲ್ಲಿ ಎಕೋಸ್ಪ್ರಿನ್ (ಆಸ್ಪಿರಿನ್) ಸ್ಟ್ರಿಪ್ ಕಂಡಿತು. ಹಿಂದೆ ಎದೆನೋವು ಬಂದಾಗ ಶುರುವಾದ ಮಾತ್ರೆ. ತಂಡಕ್ಕೆ ಹೇಳಿರಲಿಲ್ಲ. ಅದು ರಕ್ತಸ್ರಾವ ಹೆಚ್ಚಿಸಬಹುದು, ಆದರೆ ಸುಮ್ನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಸರ್ಜನ್ ಮತ್ತು ಹೃದಯದ ಡಾಕ್ಟರ್ ಮಾತಾಡಿಯೇ ತೀರ್ಮಾನಿಸಲಿ ಎಂದೆ. ಎಚ್‌ಐವಿ ಮಾತ್ರೆ ನಿಲ್ಲಿಸಿ ನೋಡುವ ಅಧ್ಯಯನಗಳೂ ಇವೆ, ಇದು ಅಂಥದ್ದಾ ಅಂತ ಕೇಳಿಸಿದೆ. ಅಲ್ಲ ಎಂದು ಉತ್ತರ ಬಂತು.

ಯಾವಾಗ ಮಾಡಿಸೋದು ಅನ್ನೋದನ್ನು ಅವರೇ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಗಾಯಕ್ಕೆ ಉಪ್ಪುನೀರಿಲ್ಲ, ಭಾರ ಎಳೆಯುವುದಿಲ್ಲ. ತಂಡ ಒಪ್ಪಿತು, ಸ್ಥಳೀಯ ಸರ್ಜನ್ ವ್ಯವಸ್ಥೆಯನ್ನೂ ಬರೆದುಕೊಟ್ಟಿತು. ಮನೆಯಲ್ಲಿ ಕೇಳಿದರೆ "ಒಂದು ಗಂಟು ತೆಗೆಸಿದೆ" ಅಂದರೆ ಸಾಕು, ಅದು ಸುಳ್ಳೂ ಅಲ್ಲ ಎಂದೆ.

ಹೊಲಿಗೆ ಬಿಚ್ಚಿದ ಮೇಲೆ ಗಾಯದ ಪಕ್ಕ ಮೆತ್ತಗಿನ ಊತ ಬಂತು. ಜ್ವರ ಇರಲಿಲ್ಲ, ಕೆಂಪಾಗಿರಲಿಲ್ಲ. ಫೋನ್ ಮಾಡಿದ ಮರುದಿನವೇ ಕಾರವಾರದ ಸರ್ಜನ್ ನೋಡಿದರು, ನೀರು ತುಂಬಿದೆ ಎಂದರು. ಸೂಜಿ ಹಾಕುವ ಅಗತ್ಯ ಬರಲಿಲ್ಲ, ತಾನಾಗಿಯೇ ಇಳಿಯಿತು. ಗಾಯದ ಕೆಳಗೆ ಬೆರಳಗಲ ಜಾಗ ಇನ್ನೂ ಜೋಮು ಇದೆಯಂತೆ. ಆಗಸ್ಟ್‌ನಲ್ಲಿ ಬೋಟು ಹತ್ತುವ ಮುಂಚೆ ಮತ್ತೊಮ್ಮೆ ತೋರಿಸಿ, ಭಾರ ಎಳೆಯಬಹುದು ಅಂತ ಹೇಳಿಸಿಕೊಂಡೇ ಹೋದರು.