ಆನೆ ಕಾಣದಿದ್ದರೂ ಲದ್ದಿ ಕಂಡಿದೆ

ಮಾನ್ಯರೇ,

ವಿರಾಜಪೇಟೆಯಿಂದ ನೀವು ಕಳುಹಿಸಿದ ‘ಕಪ್ಪು ದ್ರವ್ಯವೆಂಬ ಕಲ್ಪನೆ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

ಮೊದಲ ಪುಟದ ತುಂಬ ರಾಜಾಸೀಟಿನ ಮಂಜಿದೆ. ಮಂಜು ಬೆಟ್ಟವನ್ನು ಮರೆಮಾಡುತ್ತದೆ. ಕಪ್ಪು ದ್ರವ್ಯ, ಅಂದರೆ ಗುರುತ್ವದ ಸೆಳೆತದಿಂದಷ್ಟೇ ಸುಳಿವು ಕೊಡುವ ಕಾಣದ ವಸ್ತು, ಏನನ್ನೂ ಮರೆಮಾಡದು, ಬೆಳಕು ಅದರೊಳಗಿಂದ ತಡೆಯಿಲ್ಲದೆ ಹಾದುಹೋಗುತ್ತದೆ. ಹೋಲಿಕೆ ಚೆಂದವಿದೆ, ಆದರೆ ತಪ್ಪು.

ಅದಕ್ಕಿಂತ ದೊಡ್ಡ ದೋಷವೆಂದರೆ, ಇಷ್ಟು ವರ್ಷ ಹುಡುಕಿಯೂ ಸಿಗದ ವಸ್ತು ಇಲ್ಲವೇ ಇಲ್ಲ ಎಂಬ ನಿಮ್ಮ ತೀರ್ಮಾನ. ಬೆಳಿಗ್ಗೆ ತೋಟದಲ್ಲಿ ಮುರಿದುಬಿದ್ದ ಬೈನೆ ಮರವನ್ನೂ ಲದ್ದಿಯನ್ನೂ ಕಂಡ ಬೆಳೆಗಾರನಿಗೆ ಆನೆ ಬಂದದ್ದರಲ್ಲಿ ಸಂಶಯವಿರುವುದಿಲ್ಲ; ಬಂದದ್ದು ಒಂಟಿ ಸಲಗವೋ ಹಿಂಡೋ ಎಂಬುದಷ್ಟೇ ಅವನ ಪ್ರಶ್ನೆ. ಕೋಮಾ ಎಂಬ ಗೆಲಾಕ್ಸಿ ಗುಚ್ಛದಲ್ಲಿನ ಗೆಲಾಕ್ಸಿಗಳು ಕಾಣುವ ದ್ರವ್ಯದ ಸೆಳೆತಕ್ಕೆ ನಿಲ್ಲಲಾರದಷ್ಟು ವೇಗವಾಗಿ ಚಲಿಸುತ್ತಿವೆಯೆಂದು 1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ತೋರಿಸಿದರು; ಆಂಡ್ರೊಮಿಡಾ ಗೆಲಾಕ್ಸಿಯ ಹೊರ ಅಂಚಿನಲ್ಲೂ ಪರಿಭ್ರಮಣದ ವೇಗ ನಿರೀಕ್ಷಿಸಿದಂತೆ ತಗ್ಗುವುದಿಲ್ಲವೆಂಬುದನ್ನು 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅಳೆದರು. ಹೆಜ್ಜೆಗುರುತುಗಳು ಇವು. ಕಾಣದ ವಸ್ತುವಿನ ಬದಲು ಗುರುತ್ವದ ನಿಯಮವನ್ನೇ ತಿದ್ದಬೇಕೆಂದು 1983ರಲ್ಲಿ ಭೌತವಿಜ್ಞಾನಿ ಮಿಲ್‌ಗ್ರಾಮ್ ವಾದಿಸಿದ್ದರು. ಸಂಶಯಿಸಬೇಕೆಂದಿದ್ದರೆ ಆ ದಾರಿ ಹಿಡಿಯಿರಿ, ಆದರೆ ಬುಲೆಟ್ ಗುಚ್ಛವನ್ನು ಬಿಡಬೇಡಿ: ಅಲ್ಲಿ ಎರಡು ಗುಚ್ಛಗಳು ಡಿಕ್ಕಿಯಾದಾಗ ಕಾಣುವ ದ್ರವ್ಯದ ಬಹುಪಾಲಾದ ಅನಿಲವೆಲ್ಲ ನಡುವೆ ಉಳಿದಿದ್ದರೂ, ಹಿನ್ನೆಲೆಯ ಬೆಳಕನ್ನು ಬಾಗಿಸುವ ದ್ರವ್ಯರಾಶಿ ಗೆಲಾಕ್ಸಿಗಳ ಜೊತೆಗೆ ಮುಂದೆ ಸಾಗಿದೆ.

ಗಣಿಯಲ್ಲಿ ಕತ್ತಲೆಯಿರುವುದರಿಂದಲೇ ಅಲ್ಲಿ ಹುಡುಕುತ್ತಾರೆಂಬ ವಾಕ್ಯ ಓದಿ ನಕ್ಕುಬಿಟ್ಟೆ, ಕ್ಷಮಿಸಿ. ಆಳಕ್ಕಿಳಿಯುವುದು ವಿಶ್ವಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಸುರಿಯುವ ಕಣಗಳ, ಗದ್ದಲ ತಪ್ಪಿಸಲು. ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು 1.5 ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ (ದ್ರವವಾಗಿಸಿದ ಅನಿಲ) ತುಂಬಿಟ್ಟು, ಕಪ್ಪು ದ್ರವ್ಯದ ಕಣವೊಂದು ಪರಮಾಣು ಬೀಜಕ್ಕೆ ತಾಗಿದರೆ ಮೂಡಬಹುದಾದ ಕ್ಷೀಣ ಮಿನುಗಿಗಾಗಿ ಕಾಯುತ್ತಿದ್ದಾರೆ. ಈವರೆಗೆ ಅಂಥದ್ದು ಖಚಿತವಾಗಿಲ್ಲ. ಆದರೆ ಬರಿಗೈಯ ಪ್ರತಿ ಫಲಿತಾಂಶವೂ ಆ ಕಣ ಹೇಗಿರಲಾರದು ಎಂಬುದನ್ನು ಇನ್ನಷ್ಟು ಬಿಗಿಯಾಗಿ ಹೇಳುತ್ತದೆ. ಇಟಲಿಯ ಡಾಮಾ ತಂಡ ಸೋಡಿಯಂ ಅಯೊಡೈಡ್ ಹರಳುಗಳಲ್ಲಿ ವರ್ಷಕ್ಕೊಮ್ಮೆ ಏರಿಳಿಯುವ ಕಪ್ಪು ದ್ರವ್ಯದ ಸಂಕೇತ ಕಂಡಿರುವುದಾಗಿ ಹೇಳುತ್ತಲೇ ಬಂದಿದೆ. ಅಂಥದೇ ಹರಳುಗಳನ್ನಿಟ್ಟ ಸ್ಪೇನಿನ ಅನೈಸ್, ಕೊರಿಯಾದ ಕೊಸೈನ್ ಪ್ರಯೋಗಗಳಿಗೆ ಅದು ಕಾಣಲಿಲ್ಲ. ಈ ಜಗಳ ನಿಮ್ಮ ಲೇಖನದ ಜೀವಾಳವಾಗಬೇಕಿತ್ತು, ಒಂದು ಸಾಲೂ ಇಲ್ಲ. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳೆಂಬ, ಹಿಡಿಯಲು ಸಿಗದ ಕಣಗಳನ್ನು ಹಿಡಿದ ನಮ್ಮದೇ ಕೋಲಾರದ ಗಣಿಯನ್ನೂ ಮರೆತಿದ್ದೀರಿ.

ತಿದ್ದಿ ಮತ್ತೆ ಕಳುಹಿಸಿ. ಗಣಿಯ ಭಾಗ ಎರಡರಷ್ಟಾದರೂ ಅಡ್ಡಿಯಿಲ್ಲ. ಮಂಜಿನ ಪುಟ ತೆಗೆದರೆ ಜಾಗ ಸಿಗುತ್ತದೆ.

ಇತಿ,
ಸಂಪಾದಕ, ಮಡಿಕೇರಿ