ಬಸ್ಸೇನೋ ಫ್ರೀ, ಕಾಯೋದು ಯಾರು?

ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದಾಳೆ, ಕನ್ನಡ ಮಾಧ್ಯಮ. ಎಂಟಕ್ಕೆ ಎಲ್ಲಿ ಸೇರಿಸೋದು? ಎರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಸರ್ಕಾರಿ ಹೈಸ್ಕೂಲಿದೆ. ಹದಿನೆಂಟು ಕಿಲೋಮೀಟರ್ ಆಚೆ, ತಾಲ್ಲೂಕು ಪಟ್ಟಣದಲ್ಲಿ, ಕರ್ನಾಟಕ ಪಬ್ಲಿಕ್ ಶಾಲೆಯಿದೆ. ಅಲ್ಲಿ ಇಂಗ್ಲಿಷ್ ಮಾಧ್ಯಮ, ಹೊಸ ಕಟ್ಟಡ, ಅದೇ ಕಾಂಪೌಂಡಿನಲ್ಲಿ ಪಿಯುಸಿ. ಗಂಡ "ನೀನೇ ನೋಡ್ಕೋ" ಅಂದು ಸುಮ್ಮನಾಗಿದ್ದಾರೆ. ಪಟ್ಟಣದಲ್ಲಿರುವ ಮೈದುನ "ಹಳ್ಳೀಲಿ ಓದಿಸಿ ಹಾಳು ಮಾಡ್ತೀರಾ?" ಅಂತಿದ್ದಾರೆ.

ಲ್ಯಾಬು, ಟೈ, ಸ್ಮಾರ್ಟ್ ಕ್ಲಾಸು ಎಲ್ಲಾ ವಿವರವಾಗಿ ಬಂದಿದೆ. ಮೂರನೇ ಪುಟದ ಕೊನೆಗೆ ಒಂದು ಸಾಲು: "ಬಸ್ಸು ಫ್ರೀ, ಸಂಜೆ ನಮ್ಮೂರಿನ ಬಸ್ಸು ಮಾತ್ರ ಆರೂಕಾಲಿಗೆ."

ಅಮ್ಮಾ, ನಾಲ್ಕೂವರೆಗೆಲ್ಲ ಶಾಲೆ ಬಿಟ್ಟಿರುತ್ತೆ. ಆರೂಕಾಲರವರೆಗೆ ಹದಿಮೂರು ವರ್ಷದ ಹುಡುಗಿ ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿರಬೇಕಾ? ಮುಟ್ಟಿನ ದಿನ ಅಲ್ಲಿನ ಶೌಚಾಲಯಕ್ಕೆ ಹೋಗಬೇಕಾ? ಮನೆ ಸೇರೋದು ಏಳಕ್ಕೆ. ಉಂಡು, ಹೋಂವರ್ಕ್ ಮಾಡಿ, ಬೆಳಿಗ್ಗೆ ಮತ್ತೆ ಬಸ್ಸು ಹಿಡೀಬೇಕು. ಹೀಗೇ ಮೂರು ವರ್ಷ. ಶಕ್ತಿ ಯೋಜನೆಯಲ್ಲಿ ಟಿಕೆಟ್ಟು ಉಳಿಯಿತು ಸರಿ, ಮಗುವಿನ ಸಂಜೆ ಹೋಯಿತಲ್ಲ.

ಇನ್ನು ಆ ಮೈದುನ. ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಅಂತ ನೀವೇ ಬರೆದಿದ್ದೀರಿ. ಇಷ್ಟೆಲ್ಲ ಉಪದೇಶ ಮಾಡುವವರು "ಬಸ್ಸು ಬರೋವರೆಗೂ ಮಗು ನಮ್ಮನೇಲಿರಲಿ" ಅಂತ ಒಂದು ಮಾತು ಅಂದರಾ? ಪತ್ರದಲ್ಲಂತೂ ಕಾಣಲಿಲ್ಲ. ಅಣ್ಣನ ಮಗಳಿಗೆ ಒಂದು ಲೋಟ ಹಾಲು ಕೊಡಲಾಗದವರ ಸಲಹೆಗೆ ನೀವು ಇಷ್ಟು ತಲೆ ಕೆಡಿಸಿಕೊಂಡಿದ್ದೇ ಜಾಸ್ತಿ ಆಯಿತು.

ಆ ಶಾಲೆಯ ಎಸ್ಎಸ್ಎಲ್‌ಸಿ ರಿಸಲ್ಟ್ ಶೇ 98 ಅಂತಲೂ ಹೇಳಿದರಂತೆ. ಯಾವ ವರ್ಷದ್ದು ಅಂತ ಕೇಳಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಹಳೇ ಫ್ಲೆಕ್ಸು ನೋಡಿ ಶಾಲೆ ಆರಿಸಬೇಡಿ.

ಇಂಗ್ಲಿಷಿನ ಭಯ ನನಗೂ ಅರ್ಥವಾಗುತ್ತೆ. ಪಿಯುಸಿ ಸೈನ್ಸಿಗೆ ಹೋದ ಕನ್ನಡ ಮಾಧ್ಯಮದ ಮಕ್ಕಳು ಮೊದಲ ಕೆಲವು ತಿಂಗಳು ಒದ್ದಾಡುತ್ತಾರೆ, ಸುಳ್ಳಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿ ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಒಟ್ಟಿಗೆ ಇಂಗ್ಲಿಷಿಗೆ ಬದಲಿಸಿದರೂ ಅದೇ ಒದ್ದಾಟ. ಪಿಯುಸಿ ನಂತರ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೀಟು ಕೊಡುವ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತರವರೆಗೂ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಇನ್ನೊಂದಕ್ಕೆ ಹತ್ತೂ ವರ್ಷ ಕನ್ನಡ ಮಾಧ್ಯಮವೇ ಆಗಿರಬೇಕು. ನಿಮ್ಮ ಮಗಳು ಏಳು ವರ್ಷ ಮುಗಿಸಿದ್ದಾಳೆ. ಉಳಿದ ಮೂರಕ್ಕೆ ಎರಡನ್ನೂ ಕೈಬಿಡ್ತೀರಾ?

ಹೈಸ್ಕೂಲು ಹುಡುಕುವವರು ಮೊದಲು ಗಣಿತದ ಮೇಷ್ಟ್ರನ್ನು ಹುಡುಕಬೇಕು ಅನ್ನೋದು ನನ್ನ ಹಳೇ ರಾಗ. ಈ ಅಂಕಣ ಓದುವವರಿಗೆ ಕೇಳಿ ಕೇಳಿ ಸಾಕಾಗಿರಬಹುದು. ಹೊಸ ಕಟ್ಟಡದಲ್ಲೂ ಆ ಹುದ್ದೆ ಖಾಲಿ ಇರಬಹುದು, ಸೋರುವ ಕಟ್ಟಡದಲ್ಲೂ ಒಳ್ಳೇ ಮೇಷ್ಟ್ರು ಇರಬಹುದು. ನೀವು ಇದನ್ನು ಎರಡೂ ಕಡೆ ವಿಚಾರಿಸಿಲ್ಲ.

ಹಾಗಾಗಿ ಮಾಡಬೇಕಾದ್ದು ಇಷ್ಟೇ. ಸೋಮವಾರ ಗಂಡನನ್ನೂ ಕರೆದುಕೊಂಡು ಹತ್ತಿರದ ಹೈಸ್ಕೂಲಿಗೆ ಹೋಗಿ. ಅವರು ಬರಲೇಬೇಕು, "ನೀನೇ ನೋಡ್ಕೋ" ನಡೆಯಲ್ಲ. ಎಚ್.ಎಂ. ಹತ್ತಿರ "ಗಣಿತದ ಮೇಷ್ಟ್ರು ಇದ್ದಾರಾ? ಕಾಯಂ ಇಲ್ಲದಿದ್ದರೆ ಅತಿಥಿ ಶಿಕ್ಷಕರು ಜೂನಲ್ಲೇ ಬರ್ತಾರಾ?" ಅಂತ ಕೇಳಿ. ಹೌದು ಅಂದರೆ ಅವತ್ತೇ ಸೇರಿಸಿ. ಇಲ್ಲ ಅಂದರೆ ಅಲ್ಲಿಂದ ಸೀದಾ ಬಸ್ ಡಿಪೋಗೆ ಹೋಗಿ, ನಿಮ್ಮೂರಿಗೆ ಐದು ಗಂಟೆ ಒಳಗೆ ಒಂದು ಟ್ರಿಪ್ ಬೇಕು ಅಂತ ಊರವರ ಸಹಿ ಹಾಕಿಸಿದ ಅರ್ಜಿ ಕೊಡಿ. ಆ ಬಸ್ಸು ಓಡೋವರೆಗೂ ಪಟ್ಟಣದ ಶಾಲೆಯ ಮಾತೆತ್ತಬೇಡಿ.